ಮೂಗು ದೊಡ್ಡದಾದ್ರೆ ಫಿನಿಶ್ ಬರುತ್ತೆ ಅನ್ನೋ ಮೂಢನಂಬಿಕೆ

ಕಳೆದ ತಿಂಗಳು ಒಂದು ಮದುವೆಗೆ ಅಂತ ವಿಜಯವಾಡಕ್ಕೆ ಹೋಗಿದ್ದೆ. ವಿಶಾಖಪಟ್ಟಣದಲ್ಲಿ ಮಧ್ಯಾಹ್ನ ರತ್ನಾಚಲ್ ಹತ್ತಿದರೆ ಸಂಜೆ ಹೊತ್ತಿಗೆ ವಿಜಯವಾಡ. ಮಾರನೇ ದಿನ ಮುಹೂರ್ತ ಮುಗಿಸಿ, ಗೋಂಗೂರ ಪಚ್ಚಡಿಯ ಊಟ ಹೊಡೆದು, ಎಲ್ಲರೂ ಅಡ್ಡಾಗುವ ಹೊತ್ತಿಗೆ ನಾನು ಆಟೋನಗರದ ಕಡೆ ಹೊರಟೆ. "ಮದುವೆಗೆ ಬಂದಾಗ್ಲೂ ನಿಮಗೆ ಲೇತ್ ನೋಡಬೇಕಾ?" ಅಂತ ಹೆಂಡತಿ ಗೊಣಗಿದಳು. ಏನು ಮಾಡೋದು ಹೇಳಿ, ನಾನು ಹರಿಹರದವನು. 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಶುರುವಾದ ಮೇಲೆ ನಮ್ಮೂರಲ್ಲಿ ತುಂಗಭದ್ರೆಯ ಸದ್ದಿಗಿಂತ ಕಾರ್ಖಾನೆ ಸೈರನ್ನೇ ಜಾಸ್ತಿ ಕೇಳುತ್ತಿತ್ತು. ನಮ್ಮಪ್ಪ ಲೇತ್ ಮಾಡುವ ಕೈಯವರು, ನಾನು ಲೇತಿನಿಂದ ಹೊರಬಂದದ್ದನ್ನು ಅಳೆಯುವ ಕೈಯವನು. 1984ರಲ್ಲಿ ಇನ್ಸ್‌ಪೆಕ್ಷನ್ ಕೆಲಸ ಹುಡುಕಿಕೊಂಡು ವಿಶಾಖಪಟ್ಟಣಕ್ಕೆ ಬಂದವನು ಇಲ್ಲೇ ಉಳಿದೆ. ಆಗ ಸ್ಟೀಲ್ ಪ್ಲಾಂಟ್ ಇನ್ನೂ ಕಟ್ಟುತ್ತಿದ್ದರು. ಈಗ ನನ್ನ ಮಕ್ಕಳ ಕನ್ನಡದಲ್ಲಿ ಅರ್ಧ ತೆಲುಗು, ನನ್ನ ತೆಲುಗಲ್ಲಿ ಅರ್ಧ ಹರಿಹರ.

ವಿಜಯವಾಡದ ಆಟೋನಗರ ನೋಡದವರಿಗೆ ಒಂದು ಮಾತು. ಲಾರಿಗೆ ಬಾಡಿ ಕಟ್ಟುವವರು, ಸ್ಪ್ರಿಂಗ್ ಪಟ್ಟಿ ಬಡಿಯುವವರು, ರೇಡಿಯೇಟರ್ ಬೆಸೆಯುವವರು, ಬೋರಿಂಗ್ ಮಾಡುವವರು, ಇವರೆಲ್ಲರ ನಡುವೆ ಎರಡು ಮೂರು ಲೇತ್ ಇಟ್ಟುಕೊಂಡ ಸಣ್ಣ ಸಣ್ಣ ಶೆಡ್ಡುಗಳು. ಅಂಥದೊಂದು ಶೆಡ್ಡಿನ ಮಾಲೀಕರು ನನಗೆ ಹಳೇ ಪರಿಚಯ. ಒಳಗೆ ಹೋದರೆ ಹರಿಹರದಲ್ಲೇ ತಯಾರಾದ ಹಳೇ ಟರ್ನ್‌ಮಾಸ್ಟರ್ ಲೇತ್ ಇನ್ನೂ ತಿರುಗುತ್ತಿತ್ತು. ಅದನ್ನು ಮಾಡಿದ ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷವಾಯ್ತು, ಮಗಳು ಮಾತ್ರ ಇಲ್ಲಿ ಸಂಸಾರ ತೂಗಿಸುತ್ತಿದ್ದಾಳೆ ಅನ್ನಿಸಿ ಖುಷಿಯಾಯ್ತು.

ಖುಷಿ ಜಾಸ್ತಿ ಹೊತ್ತು ಉಳಿಯಲಿಲ್ಲ. ಮಾಲೀಕರು ಒಬ್ಬ ಹುಡುಗನ ಮೇಲೆ ಕೂಗಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಇರಬಹುದು, ಐಟಿಐ ಮುಗಿಸಿ ಬಂದ ಟರ್ನರ್. 25 ಮಿಲಿಮೀಟರ್ ದಪ್ಪ, 600 ಮಿಲಿಮೀಟರ್ ಉದ್ದದ ಹನ್ನೆರಡು ಶಾಫ್ಟ್ ಆರ್ಡರ್ ಬಂದಿತ್ತಂತೆ. ಹತ್ತು ರಿಜೆಕ್ಟ್. ಮೈಮೇಲೆಲ್ಲ ಚಾಟರ್ ಗುರುತು, ಹೊಟ್ಟೆ ದಪ್ಪ, ತುದಿ ಸಣ್ಣ. ಹತ್ತು ಶಾಫ್ಟಿನ ಕಬ್ಬಿಣದ ದುಡ್ಡು 2,800 ರೂಪಾಯಿ ಅವನ ಸಂಬಳದಲ್ಲಿ ಹಿಡಿದುಕೊಳ್ಳುತ್ತೇನೆ ಅಂತ ತೀರ್ಮಾನ ಆಗಿಬಿಟ್ಟಿತ್ತು. "ಕೈಯಲ್ಲಿ ಕೆಲಸ ಇಲ್ಲ ಸಾರ್ ಈಗಿನ ಹುಡುಗರಿಗೆ, ಕಣ್ಣೆಲ್ಲ ಫೋನಲ್ಲಿ" ಅಂತ ನನ್ನ ಕಡೆ ತಿರುಗಿದರು.

ನಾನು ಹುಡುಗನ ಕೈ ನೋಡಲಿಲ್ಲ. ಟೂಲ್ ಪೋಸ್ಟ್ ನೋಡಿದೆ. ಫಿನಿಶಿಂಗ್ ಕಟ್‌ಗೆ ಹಾಕಿದ್ದ ಇನ್ಸರ್ಟಿನ ಮೂಗು 1.2. ಡಬ್ಬಿ ತೆಗೆಸಿದೆ. ಅದರಲ್ಲಿ ಇದ್ದದ್ದು ಎರಡೇ ತರ, 0.8 ಮತ್ತು 1.2. ಯಾಕೆ ಅಂದ್ರೆ ಮಾಲೀಕರು ಕೊಟ್ಟ ಉತ್ತರ ಇದು: "ಪೆದ್ದ ನೋಸ್ ಪೆಡಿತೇ ಫಿನಿಶ್ ವಸ್ತುಂದಿ ಸಾರ್." ದೊಡ್ಡ ಮೂಗು ಹಾಕಿದ್ರೆ ಫಿನಿಶ್ ಬರುತ್ತಂತೆ. ಮಿಕ್ಕ ಎಲ್ಲಾ ಕೆಲಸಕ್ಕೂ "ಪಾಯಿಂಟ್ ಎಯ್ಟ್ ಚಾಲು". ನಮ್ಮ ಕನ್ನಡದ ಚಾಲು ಅಲ್ಲ ಇದು, ತೆಲುಗಿನದು. ಅಂದ್ರೆ, ಸಾಕು.

ಸಾಕೇ? ನಲವತ್ತು ವರ್ಷದಿಂದ ವಿಶಾಖಪಟ್ಟಣದಲ್ಲೂ ಇದನ್ನೇ ಕೇಳಿದ್ದೇನೆ, ಪೀಣ್ಯಕ್ಕೆ ಹೋದಾಗಲೂ ಕೇಳಿದ್ದೇನೆ. ಈ 'ಸಾಕು' ಅನ್ನೋ ಒಂದು ಮಾತಿನ ಮೇಲೆ ಇವತ್ತು ನನ್ನ ತಕರಾರು.

ಲೇತ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು ಹೇಳಿಬಿಡ್ತೀನಿ. ಕಾರ್ಬೈಡ್ ಇನ್ಸರ್ಟ್ ಅಂದ್ರೆ ಬಿಸ್ಕತ್ತಿನ ಚೂರಿನಂಥ ಗಟ್ಟಿ ತುಂಡು. ಅದರ ಮೂಲೆಯೇ ಕಬ್ಬಿಣ ಕೆತ್ತುವುದು. ಮೇಲಿಂದ ನೋಡಿದರೆ ಆ ಮೂಲೆ ಸೂಜಿ ಮೊನೆಯಲ್ಲ, ಸಣ್ಣ ವೃತ್ತದ ಚೂರು. ಆ ವೃತ್ತದ ತ್ರಿಜ್ಯವೇ ನೋಸ್ ರೇಡಿಯಸ್. ಡಬ್ಬಿ ಮೇಲೆ ಸಿಎನ್ಎಂಜಿ 120408 ಅಂತ ಇದ್ದರೆ ಕೊನೇ ಎರಡು ಅಂಕಿ ನೋಡಿ, 08 ಅಂದ್ರೆ 0.8 ಮಿಲಿಮೀಟರ್. 04 ಇದ್ದರೆ 0.4, 12 ಇದ್ದರೆ 1.2. ಕಂಪನಿ ಯಾವುದಾದರೂ ಈ ಭಾಗ ಒಂದೇ, ಐಎಸ್ಒ ಲೆಕ್ಕ. ರೇಡಿಯಸ್ ಬದಲಾದರೂ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರೋದಿಲ್ಲ. ಅಂದ್ರೆ 0.4 ಇಡದೇ ಇರೋದಕ್ಕೆ ದುಡ್ಡು ಕಾರಣ ಅಲ್ಲ. ಸೋಮಾರಿತನ ಕಾರಣ.

ಹಿಂದೆ ಹೀಗಿರಲಿಲ್ಲ. ಎಚ್ಎಸ್ಎಸ್ ಟೂಲಿನ ಕಾಲದಲ್ಲಿ ಟರ್ನರ್ ತನ್ನ ಟೂಲನ್ನು ತಾನೇ ಗ್ರೈಂಡ್ ಮಾಡಿಕೊಳ್ಳುತ್ತಿದ್ದ. ಕೊನೆಗೆ ಎಣ್ಣೆಕಲ್ಲಿನ ಮೇಲೆ ಮೂಗನ್ನು ಮೆಲ್ಲಗೆ ಉಜ್ಜಿ, ಬೆಳಕಿಗೆ ಹಿಡಿದು, ಉಗುರಿನ ಮೇಲೆ ಸವರಿ ನೋಡುತ್ತಿದ್ದ. ನಮ್ಮಪ್ಪನ ಹೆಬ್ಬೆರಳಿನ ಉಗುರಲ್ಲಿ ಸಣ್ಣ ಸಣ್ಣ ಗೀರುಗಳು ಇರುತ್ತಿದ್ದವು. ತೆಳ್ಳನೆ ಜಾಬ್ ಬಂದರೆ ಚೂಪು ಮೂಗು, ದಪ್ಪ ಜಾಬ್ ಬಂದರೆ ದುಂಡು ಮೂಗು, ಬೇರಿಂಗ್ ಕೂರುವ ಮೂಲೆ ಬಂದರೆ ರೇಡಿಯಸ್ ಗೇಜಿಗೆ ಹಿಡಿದು ನೋಡಿದ ಮೂಗು. ಅವರಿಗೆ ಯಾರೂ ಸೂತ್ರ ಹೇಳಿಕೊಟ್ಟಿರಲಿಲ್ಲ. ಮೂಗು ಅವರ ಕೈಯಲ್ಲಿತ್ತು, ಅಷ್ಟೇ.

ಆಮೇಲೆ ಕಾರ್ಬೈಡ್ ಬಂತು. ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದ ಕೊನೆಗೆ ಇದನ್ನು ಮಾರುಕಟ್ಟೆಗೆ ತಂದಾಗ ಇಟ್ಟ ಹೆಸರು ವಿಡಿಯಾ. 'ವಜ್ರದ ಹಾಗೆ' ಅನ್ನೋ ಜರ್ಮನ್ ಮಾತಿನ ತುಂಡು ಅದು. 1960ರ ದಶಕದಲ್ಲಿ ಬೆಂಗಳೂರಿನ ತುಮಕೂರು ರಸ್ತೆಯಲ್ಲೇ ಅದರ ಕಾರ್ಖಾನೆ ಬಂತು. ನಮ್ಮ ಕಡೆ ಎಷ್ಟೋ ಜನಕ್ಕೆ ಇವತ್ತಿಗೂ ಕಾರ್ಬೈಡ್ ಅಂದ್ರೆ ವಿಡಿಯಾನೇ. ಒಳ್ಳೇ ವಸ್ತು, ಎಚ್ಎಸ್ಎಸ್ ತಡೆಯದ ವೇಗ ತಡೆಯುತ್ತೆ, ಮೂಲೆ ಸವೆದರೆ ತಿರುಗಿಸಿ ಹಾಕಿದರಾಯ್ತು. ನಾನು ಹಳೇದೇ ಚೆನ್ನಾಗಿತ್ತು ಅಂತ ಗೋಳಾಡೋನಲ್ಲ. ಆದರೆ ಇನ್ಸರ್ಟ್ ಬಂದಾಗ ಒಂದು ಅಧಿಕಾರ ಸದ್ದಿಲ್ಲದೆ ಕೈ ಬದಲಾಯಿಸಿತು. ಮೂಗಿನ ತೀರ್ಮಾನ ಟರ್ನರ್ ಕೈಯಿಂದ ಜಾರಿ ಖರೀದಿ ಮಾಡೋರ ಕೈಗೆ ಹೋಯ್ತು. ಜಾಬ್ ನೋಡದವರು, ಡ್ರಾಯಿಂಗ್ ಓದದವರು ಮೂಗು ಆರಿಸುತ್ತಾರೆ. ಕೆಟ್ಟರೆ ಸಂಬಳ ಮಾತ್ರ ಟರ್ನರ್‌ದು ಕಟ್. ಯಾವ ನ್ಯಾಯ ಸ್ವಾಮೀ ಇದು?

ಈಗ ಆ 'ದೊಡ್ಡ ಮೂಗು, ಒಳ್ಳೇ ಫಿನಿಶ್' ಮಾತಿಗೆ ಬರೋಣ. ಅದು ಪೂರ್ತಿ ಸುಳ್ಳಲ್ಲ, ಅರ್ಧ ಸತ್ಯ. ಅದಕ್ಕೇ ಅಪಾಯ.

ದುಂಡು ಮೂಗು ಜಾಬಿನ ಮೇಲೆ ಸಾಗುವಾಗ ಉಳುಮೆ ಸಾಲಿನ ಹಾಗೆ ಸಣ್ಣ ಸಣ್ಣ ಗೆರೆ ಬಿಡುತ್ತೆ. ಆ ಸಾಲಿನ ದಿಂಡು ಎಷ್ಟು ಎತ್ತರ ಅನ್ನೋದಕ್ಕೆ ಸುಲಭ ಲೆಕ್ಕ ಇದೆ. ಒಂದು ಸುತ್ತಿಗೆ ಟೂಲ್ ಸಾಗುವ ದೂರ, ಅಂದ್ರೆ ಫೀಡ್. ಅದನ್ನು ಅದರಿಂದಲೇ ಗುಣಿಸಿ, ಮೂಗಿನ ರೇಡಿಯಸ್‌ನ ಎಂಟು ಪಟ್ಟಿನಿಂದ ಭಾಗಿಸಿ. ಫೀಡ್ 0.2, ಮೂಗು 1.2 ಆದರೆ ದಿಂಡು ಸುಮಾರು 4.2 ಮೈಕ್ರಾನ್. ಅದೇ ಫೀಡಿಗೆ ಮೂಗು 0.4 ಆದರೆ 12.5 ಮೈಕ್ರಾನ್. ನೋಡಿದ್ರಾ, ಮಾಲೀಕರು ಹೇಳಿದ್ದು ಸರಿ, ಮೂರು ಪಟ್ಟು ನಯ!

ತಾಳಿ. ಲೆಕ್ಕದಲ್ಲಿ ಮೂಗು ಒಂದೇ ಸಲ ಬರುತ್ತೆ, ಫೀಡ್ ಎರಡು ಸಲ ಬರುತ್ತೆ. ಅದೇ 0.4 ಮೂಗು ಇಟ್ಟುಕೊಂಡು ಫೀಡನ್ನು 0.1ಕ್ಕೆ ಇಳಿಸಿ. ದಿಂಡು 3.1 ಮೈಕ್ರಾನ್. 1.2 ಮೂಗು 0.2 ಫೀಡಿನಲ್ಲಿ ಕೊಟ್ಟದ್ದಕ್ಕಿಂತ ನಯ. ಹಾಗಾದ್ರೆ ದೊಡ್ಡ ಮೂಗು ಕೊಡೋದು ಫಿನಿಶ್ ಅಲ್ಲ, ಸಮಯ. ಎಷ್ಟು ಸಮಯ? 600 ಮಿಲಿಮೀಟರ್ ಶಾಫ್ಟ್, ನಿಮಿಷಕ್ಕೆ 1000 ಸುತ್ತು. 0.2 ಫೀಡಿಗೆ ಮೂರು ನಿಮಿಷ, 0.1ಕ್ಕೆ ಆರು ನಿಮಿಷ. ಶಾಫ್ಟಿಗೆ ಮೂರು ನಿಮಿಷ, ಹತ್ತು ಶಾಫ್ಟಿಗೆ ಅರ್ಧ ಗಂಟೆ. ಆ ಅರ್ಧ ಗಂಟೆ ಉಳಿಸೋಕೆ ಹೋಗಿ ಹತ್ತು ಶಾಫ್ಟ್ ಗುಜರಿಗೆ.

ಗುಜರಿಗೆ ಯಾಕೆ ಹೋಯ್ತು ಅನ್ನೋದು ಮುಂದಿನ ಮಾತು. ಫಿನಿಶಿಂಗ್ ಕಟ್ ಅಂತ ಹುಡುಗ ಕೊಟ್ಟದ್ದು 0.2 ಮಿಲಿಮೀಟರ್ ಆಳ. ಮೂಗಿನ ರೇಡಿಯಸ್ 1.2. ಆಳ ಅಷ್ಟು ಕಡಿಮೆ ಇದ್ದಾಗ ಇನ್ಸರ್ಟಿನ ನೇರ ಅಂಚು ಜಾಬನ್ನು ಮುಟ್ಟೋದೇ ಇಲ್ಲ, ಬರೀ ಮೂಗಿನ ತಳ ಉಜ್ಜುತ್ತೆ. ಅಲ್ಲಿಂದ ಬರುವ ಒತ್ತಡ ಲೇತಿನ ಉದ್ದಕ್ಕೆ ಹೋಗೋ ಬದಲು ಹೆಚ್ಚಾಗಿ ಜಾಬಿನ ಪಕ್ಕೆಗೆ ಹೋಗುತ್ತೆ. ಜಾಬನ್ನು ಕೆತ್ತೋ ಬದಲು ದೂಡುತ್ತೆ. ಅದೇ 0.2 ಆಳಕ್ಕೆ 1.2 ಮೂಗು 0.7 ಮಿಲಿಮೀಟರ್ ಉದ್ದ ತಾಗುತ್ತೆ, 0.4 ಮೂಗು 0.42 ಮಾತ್ರ. ಜಾಸ್ತಿ ತಾಗಿದಷ್ಟೂ ಜಾಸ್ತಿ ದೂಡುತ್ತೆ.

ದೂಡಿದರೆ ಏನಾಗುತ್ತೆ? 25 ದಪ್ಪ 600 ಉದ್ದದ ಉಕ್ಕಿನ ಶಾಫ್ಟನ್ನು ಎರಡೂ ತುದಿ ಸೆಂಟರ್ ಮೇಲೆ ನಿಲ್ಲಿಸಿ, ನಡುವೆ ಹತ್ತು ಕಿಲೋ ತೂಕದಷ್ಟು ಒತ್ತಿ. 0.11 ಮಿಲಿಮೀಟರ್ ಬಾಗುತ್ತೆ. ಇದು ಯಾವ ಡಿಪ್ಲೊಮಾ ಹುಡುಗ ಬೇಕಾದರೂ ಹಾಕಬಹುದಾದ ಲೆಕ್ಕ. ಟೂಲ್ ನಡುವೆ ಬಂದಾಗ ಶಾಫ್ಟ್ 0.11 ಹಿಂದೆ ಸರಿದರೆ ವ್ಯಾಸದಲ್ಲಿ 0.22 ದಪ್ಪ ಉಳಿಯುತ್ತೆ. ತುದಿಯಲ್ಲಿ ಸರಿಯೋದಿಲ್ಲ, ಅಲ್ಲಿ ಸರಿಯಾದ ಅಳತೆ. ಹೊಟ್ಟೆ ದಪ್ಪ ಬಂದದ್ದು ಹೀಗೆ. ಹೊಟ್ಟೆ ಇಳಿಸೋಕೆ ಹುಡುಗ ಇನ್ನೊಂದು ಕಟ್ ಕೊಟ್ಟ, ತುದಿ ಅಳತೆಗಿಂತ ಸಣ್ಣದಾಯ್ತು. ಬಾಗಿದ್ದು ವಾಪಸ್ ಬಂದು, ಮತ್ತೆ ಬಾಗಿ, ನಡುಗಿ ಚಾಟರ್ ಬಂತು. ಚಾಟರ್ ಅಳಿಸೋಕೆ ಎಮೆರಿ ಕಾಗದ ಹಿಡಿ ಅಂದದ್ದು ಮಾಲೀಕರೇ. ಎಮೆರಿ ಇನ್ನಷ್ಟು ತಿಂದಿತು. ಇದರಲ್ಲಿ ಫೋನಿನ ತಪ್ಪು ಎಲ್ಲಿ ಬಂತು?

ಅಷ್ಟು ಹೇಳಿ ನಾನು ಎದ್ದು ಬರಬಹುದಿತ್ತು. ಆದರೆ ಬರೀ ಮಾತಾಡಿದರೆ ಆಟೋನಗರದಲ್ಲಿ ಯಾರೂ ಕೇಳೋದಿಲ್ಲ. ಪಕ್ಕದ ಶೆಡ್ಡಿನಿಂದ ಒಂದು ಹೋಲ್ಡರ್, ಒಂದು ಸಿಸಿಎಂಟಿ 09ಟಿ304 ಇನ್ಸರ್ಟ್ ಸಾಲ ತಂದೆವು. ಮೂಗು 0.4, ಮೇಲಾಗಿ ಅಂಚಿನ ಕೆಳಗೆ ಇಳಿಜಾರು ಇರುವ ತರದ್ದು, ಸಲೀಸಾಗಿ ಕೆತ್ತುತ್ತೆ. ಆಳ 0.3, ಫೀಡ್ 0.1. ಹುಡುಗನೇ ಲೇತ್ ನಡೆಸಿದ. ಮೊದಲು 0.16 ಇದ್ದ ಹೊಟ್ಟೆ 0.08ಕ್ಕೆ ಇಳಿಯಿತು. ಚಾಟರ್ ಹೋಯ್ತು. ಆದರೆ ಡ್ರಾಯಿಂಗ್ ಕೇಳಿದ್ದು 0.05ರ ಒಳಗೆ. ಇನ್ನೂ ಫೇಲ್! ಮಾಲೀಕರ ಮುಖದಲ್ಲಿ ನಗು ಬಂತು.

ನಾನೂ ನಕ್ಕೆ. ಮೂಲೆಯಲ್ಲಿ ತುಕ್ಕು ಹಿಡಿದು ಬಿದ್ದಿದ್ದ ಟ್ರಾವೆಲಿಂಗ್ ಸ್ಟೆಡಿ ತೋರಿಸಿದೆ. ಟೂಲಿನ ಜೊತೆಗೇ ಸಾಗುತ್ತಾ ಜಾಬಿನ ಬೆನ್ನಿಗೆ ಒರಗು ಕೊಡುವ ಸಾಮಾನು ಅದು. ಒರೆಸಿ, ಎಣ್ಣೆ ಹಾಕಿ ಕಟ್ಟಿದೆವು. ಮುಂದಿನ ಶಾಫ್ಟ್ 0.02. ಟಿಪ್ ಒಂದೇ ದೇವರಲ್ಲ ಅಂತ ನಾನೂ ಒಪ್ತೀನಿ. ದಪ್ಪದ ಇಪ್ಪತ್ತನಾಲ್ಕು ಪಟ್ಟು ಉದ್ದದ ಜಾಬಿಗೆ ಸ್ಟೆಡಿ ಬೇಕೇ ಬೇಕು. ಆದರೆ ಆ ಹುಡುಗನಿಗೆ ಸರಿಯಾದ ಟಿಪ್ಪೂ ಕೊಟ್ಟಿರಲಿಲ್ಲ, ಸ್ಟೆಡಿನೂ ಕೊಟ್ಟಿರಲಿಲ್ಲ. ಕೊಟ್ಟದ್ದು ಬೈಗುಳ ಮತ್ತು 2,800ರ ಬಿಲ್ಲು.

ಇನ್ನು ವಿಶಾಖಪಟ್ಟಣದ ಕಥೆ ಕೇಳಿ. ಗಾಜುವಾಕ ಕಡೆಯ ಆಟೋನಗರದಲ್ಲಿ ಒಂದು ಶೆಡ್ಡಿನವರು ಬ್ಲೋವರ್ ಶಾಫ್ಟ್ ಮಾಡುತ್ತಿದ್ದರು. ವರ್ಷಗಟ್ಟಲೆ 6205 ಬೇರಿಂಗ್, ತೊಂದರೆಯೇ ಇಲ್ಲ. ಗಿರಾಕಿ ಸಣ್ಣ ಹೌಸಿಂಗ್ ಬೇಕು ಅಂತ ಡ್ರಾಯಿಂಗ್ ಬದಲಿಸಿ 6005 ಹಾಕಿದರು. ಎರಡರ ಒಳವ್ಯಾಸವೂ 25. "ಶಾಫ್ಟ್ ಅದೇ, ಏನೂ ಬದಲಾಯಿಸೋದು ಬೇಡ" ಅಂದರು. ಬೇರಿಂಗ್ ಕಾಯತೊಡಗಿದವು, ಶಬ್ದ ಬಂತು. ಡೂಪ್ಲಿಕೇಟ್ ಬೇರಿಂಗ್ ಅಂತ ಅಂಗಡಿಯವನ ಜೊತೆ ಜಗಳ. ನನ್ನನ್ನು ಕರೆದರು. ಬೇರಿಂಗಿಗೂ ಶಾಫ್ಟಿನ ಭುಜಕ್ಕೂ ನಡುವೆ ಫೀಲರ್ ಗೇಜಿನ ಎಲೆ ಆರಾಮಾಗಿ ಒಳಹೋಯ್ತು. ಬೇರಿಂಗ್ ಭುಜಕ್ಕೆ ತಾಗೇ ಇರಲಿಲ್ಲ, ಮೂಲೆಯ ದುಂಡಿನ ಮೇಲೆ ಸೊಟ್ಟಗೆ ಹತ್ತಿ ಕೂತಿತ್ತು.

ಕಾರಣ ಬೇರಿಂಗ್ ಕ್ಯಾಟಲಾಗಿನಲ್ಲೇ ಅಚ್ಚಾಗಿದೆ. 6205 ಕೂರುವ ಮೂಲೆಯ ರೇಡಿಯಸ್ 1 ಮಿಲಿಮೀಟರ್ ತನಕ ಇರಬಹುದು. 6005ಕ್ಕೆ 0.6 ಮೀರಬಾರದು. 0.8 ಮೂಗು ಬಿಟ್ಟುಹೋಗೋದು 0.8ರ ಮೂಲೆ. ಹಳೇದಕ್ಕೆ ಸರಿಹೋಯ್ತು, ಹೊಸದಕ್ಕೆ ಆಗಲಿಲ್ಲ. 17 ಮಿಲಿಮೀಟರಿನ 6003 ಆಗಿದ್ದರೆ ಇನ್ನೂ ಕಷ್ಟ, ಅದಕ್ಕೆ 0.3 ಮೀರುವಂತಿಲ್ಲ. ಅಲ್ಲಿ 0.4 ಟಿಪ್ಪೂ ನಡೆಯೋದಿಲ್ಲ, 0.2 ಹಾಕಬೇಕು, ಇಲ್ಲಾ ಮೂಲೆಯಲ್ಲಿ ಅಂಡರ್‌ಕಟ್ ಕೊಡಬೇಕು. ಇಲ್ಲಿ ಒಂದು ಮಾತು ನೆನಪಿಟ್ಟುಕೊಂಡರೆ ಸಾಕು, ತೆಲುಗಿನ ಚಾಲು ಕೂಡ: ಸಣ್ಣ ಮೂಗಿನಿಂದ ದೊಡ್ಡ ಮೂಲೆ ಮಾಡಬಹುದು, ದೊಡ್ಡ ಮೂಗಿನಿಂದ ಸಣ್ಣ ಮೂಲೆ ಮಾಡೋಕೆ ಬ್ರಹ್ಮನಿಂದಲೂ ಆಗೋದಿಲ್ಲ. "ಸಿಎನ್‌ಸಿ ತಗೊಂಡಿದ್ದೀವಿ ಸಾರ್, ರೇಡಿಯಸ್ ಕಾಂಪೆನ್ಸೇಶನ್ ಇದೆ" ಅನ್ನೋರಿಗೂ ಇದೇ ಉತ್ತರ. ಕಾಂಪೆನ್ಸೇಶನ್ ದಾರಿ ತಿದ್ದುತ್ತೆ, ಮೂಗು ಕತ್ತರಿಸೋದಿಲ್ಲ.

ಹಾಗಂತ ಎಲ್ಲಾ ಕಡೆ ಸಣ್ಣ ಮೂಗು ಹಾಕಿ ಅಂತ ನಾನು ಹೇಳ್ತಿದ್ದೀನಿ ಅಂದುಕೊಂಡರೆ ತಪ್ಪು. ಆ ತಪ್ಪಿನ ಕಥೆಯಲ್ಲಿ ಅಪರಾಧಿ ನಾನೇ.

ನಮ್ಮ ಕರಾವಳಿಯಲ್ಲಿ ಪ್ರತಿ ವರ್ಷ ಏಪ್ರಿಲ್ 15ರಿಂದ ಜೂನ್ 14ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಮೀನು ಮರಿ ಮಾಡುವ ಕಾಲ. ಆಗ ವಿಶಾಖಪಟ್ಟಣದ ಫಿಶಿಂಗ್ ಹಾರ್ಬರಿನ ದೋಣಿಗಳಿಗೆಲ್ಲ ರಿಪೇರಿ, ನಮ್ಮ ಲೇತ್ ಶೆಡ್ಡುಗಳಿಗೆ ಹಬ್ಬ. ಅಂಥ ಒಂದು ಸೀಸನ್ನಿನ ಗಡಿಬಿಡಿಯಲ್ಲಿ ಬಲೆ ಎಳೆಯುವ ವಿಂಚಿನ ಶಾಫ್ಟ್ ಒಂದು ನನ್ನ ಟೇಬಲ್ಲಿಗೆ ಬಂತು. 60ರಿಂದ 45ಕ್ಕೆ ಇಳಿಯುವ ಮೆಟ್ಟಿಲಿನ ಮೂಲೆಗೆ ಡ್ರಾಯಿಂಗಿನಲ್ಲಿ 3 ಮಿಲಿಮೀಟರ್ ರೇಡಿಯಸ್ ಬರೆದಿತ್ತು. ಟರ್ನರ್ ಕೈಯಲ್ಲಿದ್ದ 0.4 ಟಿಪ್ಪಿನಲ್ಲೇ ನೇರ ಹೋಗಿ ನೇರ ನಿಂತಿದ್ದ. ಮೂಲೆ ಅಚ್ಚುಕಟ್ಟಾಗಿ ಲಂಬಕೋನದಲ್ಲಿ ಹೊಳೀತಿತ್ತು. ನಾನು ವ್ಯಾಸ ಅಳೆದೆ, ಉದ್ದ ಅಳೆದೆ, ಎಲ್ಲಾ ಸರಿ. ರೇಡಿಯಸ್ ಗೇಜ್ ಡ್ರಾಯರಿನಲ್ಲಿತ್ತು, ತೆಗೆಯಲಿಲ್ಲ. ಪಾಸ್ ಅಂತ ಸಹಿ ಹಾಕಿದೆ.

ಎರಡನೇ ವರ್ಷ, ನಡುಗಡಲಿನಲ್ಲಿ ಬಲೆ ಎಳೆಯುವಾಗ ಶಾಫ್ಟ್ ಆ ಮೂಲೆಯಲ್ಲೇ ತುಂಡಾಯ್ತು. ದೇವರು ದೊಡ್ಡವನು, ಯಾರ ಜೀವಕ್ಕೂ ಏನೂ ಆಗಲಿಲ್ಲ. ಬಲೆ ಹೋಯ್ತು, ಆ ಟ್ರಿಪ್ಪಿನ ದುಡಿಮೆ ಹೋಯ್ತು. ತುಂಡು ನನ್ನ ಹತ್ತಿರ ತಂದಾಗ ಮುರಿದ ಮುಖದ ಮೇಲೆ ಮರಳಿನ ಮೇಲೆ ಅಲೆ ಬಿಟ್ಟುಹೋಗುವಂಥ ಗೆರೆಗಳು. ಒಂದೇ ದಿನ ಮುರಿದದ್ದಲ್ಲ, ಮೂಲೆಯಲ್ಲಿ ಹುಟ್ಟಿದ ಕೂದಲೆಳೆ ಬಿರುಕು ದಿನಾ ಸ್ವಲ್ಪ ಸ್ವಲ್ಪ ತಿಂದು ಮುಂದೆ ಹೋದದ್ದು. ಚೂಪು ಮೂಲೆಯಲ್ಲಿ ಒತ್ತಡ ಗುಂಪುಗೂಡುತ್ತೆ, ದುಂಡು ಮೂಲೆಯಲ್ಲಿ ಹರಡಿಕೊಳ್ಳುತ್ತೆ. ಇದೇನು ಹೊಸ ವಿದ್ಯೆಯಲ್ಲ. 1842ರಲ್ಲಿ ಫ್ರಾನ್ಸಿನ ವರ್ಸೈಲ್ಸ್‌ನಿಂದ ಪ್ಯಾರಿಸಿಗೆ ಹೊರಟ ರೈಲಿನ ಎಂಜಿನ್ ಆ್ಯಕ್ಸಲ್ ಮುರಿದು ಹತ್ತಾರು ಜನ ಸತ್ತರು. ಮರುವರ್ಷವೇ ರ‍್ಯಾಂಕಿನ್ ಎಂಬ ಯುವ ಎಂಜಿನಿಯರ್, ಆ್ಯಕ್ಸಲ್ಲಿನ ಮೂಲೆಯನ್ನು ಚೂಪಾಗಿ ಕಡಿಯಬೇಡಿ, ದುಂಡು ಕೊಡಿ ಅಂತ ಬರೆದ. ಅದು 1843. ನಾನು ಗೇಜ್ ತೆಗೆಯದೆ ಸಹಿ ಹಾಕುವ ಹೊತ್ತಿಗೆ ಆ ಬುದ್ಧಿಮಾತಿಗೆ ನೂರೈವತ್ತು ವರ್ಷ ದಾಟಿತ್ತು. ಆ ಟರ್ನರನ್ನೂ ಬೈದರು. ನಾನು ಸುಮ್ಮನಿದ್ದೆ. ವಿಜಯವಾಡದಲ್ಲಿ ಆ ಹುಡುಗನ ಮುಖ ನೋಡಿದಾಗ ನನಗೆ ಸಿಟ್ಟು ಬಂದದ್ದಕ್ಕೆ ಅರ್ಧ ಕಾರಣ ಇದು.

ಇಷ್ಟು ಹೇಳಿದರೆ ಬರುವ ಆಕ್ಷೇಪಣೆಗಳು ನನಗೆ ಬಾಯಿಪಾಠ.

"ನಾಲ್ಕು ತರದ ಟಿಪ್ ಇಟ್ಟರೆ ಕಲಸುಮೇಲೋಗರ ಆಗುತ್ತೆ." ಯಾಕ್ರೀ ಆಗುತ್ತೆ? ನಿಮ್ಮ ಮನೆಯಾಕೆ ಸಾಸಿವೆ, ಜೀರಿಗೆ, ಮೆಂತ್ಯ ಮೂರನ್ನೂ ಒಂದೇ ಡಬ್ಬಿಯಲ್ಲಿ ಇಟ್ಟಿದ್ದಾರಾ? 0.4, 0.8, 1.2 ಮೂರು ಡಬ್ಬಿ, ಮೂರು ಬಣ್ಣ. ಹತ್ತನೇ ಕ್ಲಾಸ್ ಓದಿದ ಹೆಲ್ಪರ್ ಒಂದು ದಿನದಲ್ಲಿ ಕಲೀತಾನೆ.

"ಸಣ್ಣ ಮೂಗು ಬೇಗ ಮುರಿಯುತ್ತೆ." ನಿಜ. ಎರಕದ ಗಟ್ಟಿ ಸಿಪ್ಪೆ ತೆಗೆಯುವಾಗ, ಬಿಟ್ಟು ಬಿಟ್ಟು ತಾಗುವ ಜಾಬಿನಲ್ಲಿ, ಮೂರು ಮಿಲಿಮೀಟರ್ ಆಳದ ರಫ್ ಕಟ್ಟಿನಲ್ಲಿ 0.4 ಹಾಕೋನು ಮೂರ್ಖ. ಅಲ್ಲಿ 0.8 ಬೇಕು, 1.2 ಬೇಕು, ಭಾರೀ ರೋಲರಿಗೆ 1.6 ಕೂಡ ಹಾಕಿ, ಯಾರು ಬೇಡ ಅಂದ್ರು? ದಪ್ಪ ಜಾಬ್ ಬಾಗೋದಿಲ್ಲ, ದೊಡ್ಡ ಮೂಗು ಏಟು ತಡೆಯುತ್ತೆ, ಬಿಸಿ ಹಂಚಿಕೊಳ್ಳುತ್ತೆ. ನನ್ನ ಜಗಳ 1.2ರ ಜೊತೆ ಅಲ್ಲ. ಜಾಬ್ ನೋಡದೆ 1.2 ಹಾಕೋರ ಜೊತೆ.

"ಈಗ ವೈಪರ್ ಇನ್ಸರ್ಟ್ ಬಂದಿದೆ, ಫೀಡ್ ಜಾಸ್ತಿ ಮಾಡಿದರೂ ಫಿನಿಶ್ ಬರುತ್ತೆ." ಬರುತ್ತೆ, ಗಟ್ಟಿ ಜಾಬಿನಲ್ಲಿ. ತೆಳ್ಳನೆ ಶಾಫ್ಟಿನಲ್ಲಿ ಅದು ಇನ್ನೂ ಜಾಸ್ತಿ ದೂಡುತ್ತೆ. ಮಾರೋಕೆ ಬಂದವರು ಆ ಸಾಲನ್ನು ಸ್ವಲ್ಪ ಮೆಲ್ಲಗೆ ಓದ್ತಾರೆ.

ಹಾಗಾದ್ರೆ ಏನು ಮಾಡಬೇಕು? ಪ್ರಶ್ನೆಗಳ ಸಾಲು ತಿರುವಿಹಾಕಿ, ಅಷ್ಟೇ. ಈಗ ಎಲ್ಲರೂ ಮೊದಲು ಕೇಳೋದು ಫಿನಿಶ್. ಅದು ಕೊನೇ ಪ್ರಶ್ನೆ. ಮೊದಲು ಮೂಲೆ ನೋಡಿ: ಡ್ರಾಯಿಂಗಿನ ಅತಿ ಸಣ್ಣ ಒಳಮೂಲೆಗಿಂತ ಮೂಗು ದೊಡ್ಡದಿರಬಾರದು. ಆಮೇಲೆ ಜಾಬಿನ ಮೈ ನೋಡಿ: ತೆಳ್ಳಗೆ ಉದ್ದ ಇದ್ದರೆ ಸಣ್ಣ ಮೂಗು, ಗಟ್ಟಿ ಇದ್ದರೆ ದೊಡ್ಡ ಮೂಗು. ಆಮೇಲೆ ಆಳ: ಕಟ್ಟಿನ ಆಳ ಮೂಗಿನ ಮೂರರಲ್ಲಿ ಎರಡು ಪಾಲಾದರೂ ಇರಲಿ, ಅಂದ್ರೆ 1.2 ಹಾಕಿದರೆ 0.8 ಆಳ, 0.4 ಹಾಕಿದರೆ 0.27. ಆಮೇಲೆ ಫೀಡ್: ಮೂಗಿನ ಅರ್ಧ ಮೀರಬೇಡಿ. ಇಷ್ಟಾದ ಮೇಲೆ ಎಂಟರ ಲೆಕ್ಕ ಹಾಕಿ ಫಿನಿಶಿಗೆ ಬೇಕಾದಷ್ಟು ಫೀಡ್ ಇಳಿಸಿ. ಎರಡು ನಿಮಿಷದ ಕೆಲಸ, ಸಿಗರೇಟು ಸೇದುವಷ್ಟೂ ಹೊತ್ತಿಲ್ಲ.

ಡ್ರಾಯಿಂಗ್ ಬರೆಯೋ ಮಹಾನುಭಾವರಿಗೂ ಒಂದು ಮಾತು. ಮೂಲೆ ಹತ್ತಿರ ಏನೂ ಬರೆಯದೆ ಖಾಲಿ ಬಿಡ್ತೀರಲ್ಲ, ಆ ಖಾಲಿ ಜಾಗವನ್ನು ಯಾರು ತುಂಬ್ತಾರೆ ಗೊತ್ತಾ? ಡಬ್ಬಿಯಲ್ಲಿ ಏನಿದೆಯೋ ಅದು ತುಂಬುತ್ತೆ. ನೀವು ಬಿಟ್ಟ ಒಂದು ಅಂಕಿಯನ್ನು ಪರ್ಚೇಸಿನವರು ಆರಿಸ್ತಾರೆ, ಟರ್ನರ್ ದಂಡ ಕಟ್ತಾನೆ. ನನ್ನಂಥ ಇನ್ಸ್‌ಪೆಕ್ಟರುಗಳೂ ದಯವಿಟ್ಟು ಆ ರೇಡಿಯಸ್ ಗೇಜನ್ನು ಡ್ರಾಯರಿನಿಂದ ಹೊರಗೆ ಇಟ್ಟುಕೊಳ್ಳಿ.

ಮಾಲೀಕರೇ, ನಿಮಗೆ ಹೇಳೋದು ಇಷ್ಟೇ. ಟಿಪ್ ಆರಿಸುವ ಅಧಿಕಾರ ನಿಮಗೇ ಬೇಕು ಅಂದ್ರೆ ರಿಜೆಕ್ಷನ್ನಿನ ದುಡ್ಡೂ ನಿಮ್ಮದೇ. ದುಡ್ಡು ಟರ್ನರ್‌ನಿಂದ ಹಿಡಿಯಬೇಕು ಅಂದ್ರೆ ಡಬ್ಬಿಯ ಬೀಗದ ಕೈ ಅವನಿಗೆ ಕೊಡಿ. ಎರಡನ್ನೂ ನೀವೇ ಇಟ್ಟುಕೊಳ್ಳೋದು ವ್ಯಾಪಾರ ಅಲ್ಲ, ದಬ್ಬಾಳಿಕೆ.

ಸಂಜೆ ಹೊರಡುವಾಗ ಆ ಹುಡುಗ ಬಾಗಿಲ ತನಕ ಬಂದ. "ಸಾರ್, ಆ ಎಂಟರ ಲೆಕ್ಕ ಇನ್ನೊಂದು ಸಲ ಹೇಳಿ" ಅಂದ. ಒಂದು ಖಾಲಿ ಇನ್ಸರ್ಟ್ ಡಬ್ಬಿ ಹರಿದು ಅದರ ಹಿಂದೆ ಬರೆದುಕೊಟ್ಟೆ. ಮೊನ್ನೆ ಫೋನ್ ಮಾಡಿದ್ದ. 0.4 ಟಿಪ್ ತರಿಸಿದ್ದಾರಂತೆ, ಒಂದು ಡಬ್ಬಿ. ಆರ್ಡರ್ ಪೂರ್ತಿ ಪಾಸಾಯ್ತಂತೆ.

2,800 ರೂಪಾಯಿ ವಾಪಸ್ ಕೊಟ್ಟರೇನಪ್ಪಾ ಅಂತ ಕೇಳಿದೆ.

ಇನ್ನೂ ಇಲ್ಲವಂತೆ.